ಬೊಗಳೋ ನಾಯಿಯೂ ಕಚ್ಚುತ್ತೆ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ನಮ್ಮ ಹಿರಿಯರು ಹೇಳಿಟ್ಟು ಹೋದರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಈ ಒಂದು ಮಾತಿನಿಂದಾಗಿ ಗಾದೆಗಳನ್ನ ಯಾರೂ ಪರೀಕ್ಷೆ ಮಾಡದ ಹಾಗಾಯಿತು. ಮನೆಯೊಳಗೆ ಕನ್ನಡದಲ್ಲಿ ‘ಬೊಗಳೋ ನಾಯಿ ಕಚ್ಚಲ್ಲ’ ಅಂತೀವಿ. ಬೀದಿಗಿಳಿದರೆ ಅದನ್ನೇ ತಮಿಳಿನಲ್ಲಿ ‘ಕುರೈಕ್ಕಿರ ನಾಯ್ ಕಡಿಕ್ಕಾದು’ ಅಂತೀವಿ. ಎರಡು ಭಾಷೆಯಲ್ಲಿ ಹೇಳಿದ ಮಾತ್ರಕ್ಕೆ ಸುಳ್ಳು ನಿಜವಾಗೋದಿಲ್ಲ. ಬೊಗಳೋ ನಾಯಿ ಕಚ್ಚುತ್ತೆ. ಚೆನ್ನಾಗಿಯೇ ಕಚ್ಚುತ್ತೆ.

ಇದನ್ನ ಹೇಳೋಕೆ ನನಗೇನು ಅಧಿಕಾರ ಅಂತ ಕೇಳಬಹುದು. ಸಿರುಮುಗೈ ಸುತ್ತಮುತ್ತಲ ಊರುಗಳಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವನು ನಾನು. ಮೊದಲು ಸೈಕಲ್, ಆಮೇಲೆ ಮೊಪೆಡ್ಡು. ಯಾರ ಮನೆಗೆ ಮನಿಯಾರ್ಡರ್ ಬಂದರೂ, ಯಾವ ಹುಡುಗನಿಗೆ ಕೆಲಸದ ಕಾಗದ ಬಂದರೂ, ನನ್ನನ್ನ ಮೊದಲು ಎದುರುಗೊಳ್ತಿದ್ದದ್ದು ಆ ಮನೆಯ ನಾಯಿ. ನನ್ನ ಎಡಗಾಲಿನ ಮೀನಖಂಡದ ಮೇಲೆ ಎರಡು ಗುರುತು ಇವೆ. ಎರಡೂ ಬೊಗಳಿದ ನಾಯಿಗಳದ್ದೇ. ಎರಡು ಸಲವೂ ಮನೆಯವರು ಜಗಲಿಯಿಂದ ಕೂಗಿದ ಮಾತು ಒಂದೇ: “ಬಾ ಅಣ್ಣಾ, ಅದು ಏನೂ ಮಾಡಲ್ಲ, ಸುಮ್ನೆ ಬೊಗಳುತ್ತೆ ಅಷ್ಟೇ.”

ನನ್ನ ಕಾಲಿನ ಮಾತು ಬಿಡಿ. ಅದು ಸಂಬಳಕ್ಕೆ ತಿಂದ ಕಡಿತ. ಹೋದ ವರ್ಷ ನಮ್ಮ ಬೀದಿಯ ಏಳು ವರ್ಷದ ಮಗು ಸಂಜೆ ಟ್ಯೂಷನ್ ಮುಗಿಸಿಕೊಂಡು ಬರ್ತಿತ್ತು. ದಾರಿಯಲ್ಲಿ ಒಂದು ನಾಯಿ ಗಂಟಲು ಹರಿಯೋ ಹಾಗೆ ಬೊಗಳ್ತಿದೆ. ಮಗು ನಿಂತಿತು. ಅದಕ್ಕೆ ದೇವರು ಕೊಟ್ಟ ಬುದ್ಧಿ ಸರಿಯಾಗೇ ಇತ್ತು. ಅಂಗಡಿ ಬೆಂಚಿನ ಮೇಲೆ ಕೂತ ದೊಡ್ಡವರು ಆ ಬುದ್ಧಿಯನ್ನ ಕೆಡಿಸಿದರು. “ಹೆದರ್ಕೋಬೇಡ ಕಂದಾ, ಬೊಗಳೋ ನಾಯಿ ಕಚ್ಚಲ್ಲ, ಹೋಗು” ಅಂದರು. ಮಗು ದೊಡ್ಡವರ ಮಾತು ಕೇಳಿತು, ಹೋಯಿತು. ಅವತ್ತೇ ಒಂದು ಸೂಜಿ, ಮೂರನೇ ದಿನ ಒಂದು, ಏಳನೇ ದಿನ ಒಂದು, 28ನೇ ದಿನ ಒಂದು. ನಾಲ್ಕು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ ಅದರ ತಾಯಿ ಮಗ್ಗದ ಕೂಲಿ ಕಳೆದುಕೊಂಡಳು. ಗಾದೆ ಹೇಳಿದವರು ಯಾರೂ ಬಸ್ ಚಾರ್ಜು ಕೊಡಲಿಲ್ಲ.

ಇಷ್ಟು ಹೇಳಿದ ಮೇಲೆ ನಾನು ನಾಯಿದ್ವೇಷಿ ಅಂತ ಯಾರಾದರೂ ತಿಳಿದರೆ ಅವರು ನಮ್ಮ ಮನೆ ಕಡೆ ಬಂದವರಲ್ಲ ಅಂತಲೇ ಅರ್ಥ. ನಮ್ಮ ಮನೆಯಲ್ಲಿ ಮಣಿ ಇದೆ. ತಮಿಳಿನಲ್ಲಿ ಮಣಿ ಅಂದರೆ ಗಂಟೆ. ಹೆಸರಿಟ್ಟವಳು ಮೊಮ್ಮಗಳು, ಇಡುವಾಗ ಅದು ಮುಷ್ಟಿಯಷ್ಟು ಮರಿ, ದನಿಯೇ ಹೊರಡ್ತಿರಲಿಲ್ಲ. ಈಗ ಹಾಲಿನವನ ಗಾಡಿಗೆ ಬೊಗಳುತ್ತೆ, ಗ್ಯಾಸ್ ಸಿಲಿಂಡರ್ ಆಟೋಗೆ ಬೊಗಳುತ್ತೆ, ಸೊಪ್ಪಿನ ಅಕ್ಕನಿಗೆ, ಕೊಡೆ ಬಿಚ್ಚಿದವರಿಗೆ, ಹೆಲ್ಮೆಟ್ ಹಾಕಿದವರಿಗೆ, ಮಾಡಿನ ಮೇಲೆ ಕೂತ ನವಿಲಿಗೆ, ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲಕ್ಕೆ, ಗುಡಿಯ ಮೈಕಿಗೆ. ಬೆಳಗಿದ ಕೊಡದಲ್ಲಿ ಕಂಡ ತನ್ನದೇ ಮೂತಿಗೆ ಒಂದು ಸಲ ಅರ್ಧ ಗಂಟೆ ಬೊಗಳಿತು. ಇಷ್ಟಾದ ಮೇಲೆ ಬಂದು ಕಾಲಿನ ಮೇಲೆ ಗಲ್ಲ ಇಟ್ಟು ಮಲಗುತ್ತೆ, ಊರನ್ನೆಲ್ಲ ಕಾಪಾಡಿ ದಣಿದವನ ಹಾಗೆ. ಮೊಮ್ಮಗಳಿಗೆ ಜ್ವರ ಬಂದ ನಾಲ್ಕು ದಿನ ಮಂಚದ ಕೆಳಗಿಂದ ಎದ್ದಿಲ್ಲ, ತಟ್ಟೆ ಮುಟ್ಟಿಲ್ಲ. ಇಂಥ ನಾಯಿಯನ್ನ ಯಾರು ದ್ವೇಷಿಸ್ತಾರೆ?

ದ್ವೇಷಿಸೋರು ಇದ್ದಾರೆ. ಮಣಿಯನ್ನ ಊರಿಂದ ಸಾಗಿಸಬೇಕು ಅಂತ ಒಂದು ಕಾಗದ ಈ ವರ್ಷ ನಮ್ಮ ಬೀದಿಯಲ್ಲಿ ಸಹಿಗೆ ಓಡಾಡಿತು. ಅದನ್ನ ನಾನೇ ಓದಿದೆ. ಕಾಗದ ಓದೋದು ನನ್ನ ಹಳೇ ಚಾಳಿ. ಬರೆದವರಲ್ಲಿ ಒಬ್ಬಳ ದೂರು ನ್ಯಾಯವಾದದ್ದು. ಅವಳು ಸ್ಪಿನ್ನಿಂಗ್ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿ ಬಂದು ಹಗಲು ಮಲಗೋ ಹೆಂಗಸು. ಅವಳ ಮಲಗೋ ಕೋಣೆಯ ಕಿಟಕಿ ನಮ್ಮ ಗೇಟಿನ ಎದುರು. ಆ ದೂರಿಗೆ ಉತ್ತರ ವಾದ ಅಲ್ಲ, ಕೆಲಸ. ಬೀದಿ ಕಾಣದ ಹಾಗೆ ಗೇಟಿಗೆ ತಗಡು ಹೊಡೆಸಿದೆವು. ಹಗಲಲ್ಲಿ ಮಣಿಯ ಜಾಗ ಹಿತ್ತಲಿಗೆ, ಕೊಟ್ಟಿಗೆಯ ಪಕ್ಕಕ್ಕೆ ಹೋಯಿತು. ಕಣ್ಣಿಗೆ ಬೀಳದ್ದಕ್ಕೆ ನಾಯಿ ಅರ್ಧದಷ್ಟೂ ಬೊಗಳೋದಿಲ್ಲ. ಈಗ ಆ ಹೆಂಗಸೇ ಭಾನುವಾರ ಅದಕ್ಕೆ ಮೂಳೆ ತಂದು ಹಾಕ್ತಾಳೆ.

ಉಳಿದ ಸಹಿಗಳದ್ದು ಬೇರೆ ತರಹ. ಭವಾನಿ ಹೊಳೆ ದಾಟಿಸಿ ಬಿಟ್ಟು ಬನ್ನಿ ಅಂದರು ಒಬ್ಬರು. ಇನ್ನೊಬ್ಬರು ಅನ್ನದಲ್ಲಿ ‘ಏನಾದರೂ’ ಬೆರೆಸಿದರೆ ಒಂದೇ ರಾತ್ರಿಗೆ ಮುಗಿಯುತ್ತೆ ಅಂತ ನಕ್ಕರು. ನಗುವವರಿಗೆ ಒಂದು ವಿಷಯ ಗೊತ್ತಿರಲಿ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಪ್ರಕಾರ ಪ್ರಾಣಿಗೆ ವಿಷ ಹಾಕಿ ಕೊಂದರೆ ಐದು ವರ್ಷದವರೆಗೆ ಜೈಲು. ಹೊಳೆ ದಾಟಿಸೋದು ಇನ್ನೂ ಹೇಡಿತನ. ನಮ್ಮ ಊರಿನ ತೊಂದರೆಯನ್ನ ಆಚೆ ಊರಿನ ಕುರಿಯವನ ಮನೆಬಾಗಿಲಿಗೆ ಕಳಿಸೋದು ಅದು. ಹಾಗೆ ದಾಟಿಸಿದ ನಾಯಿಗಳೇ ಹೆದ್ದಾರಿ ಬದಿಯಲ್ಲಿ ಗುಂಪು ಕಟ್ಟಿಕೊಂಡು ತಿರುಗೋದು.

ಈಗ ಮುಖ್ಯ ಮಾತಿಗೆ ಬರ್ತೀನಿ. ಕಾಗದಕ್ಕೆ ಸಹಿ ಹಾಕಿದವರು, ಅಂಗಡಿ ಬೆಂಚಿನವರು, “ನಮ್ಮ ನಾಯಿ ಏನೂ ಮಾಡಲ್ಲ” ಅನ್ನೋ ಯಜಮಾನರು, ಮೂರೂ ಜನ ಮಾಡ್ತಿರೋದು ಒಂದೇ. ಬೊಗಳೋದನ್ನ ಬರೀ ಸದ್ದು ಅಂದುಕೊಂಡಿದ್ದಾರೆ. ಒಬ್ಬರಿಗೆ ಅದು ಕಿವಿನೋವು, ಇನ್ನೊಬ್ಬರಿಗೆ ತಮಾಷೆ, ಮತ್ತೊಬ್ಬರಿಗೆ ಬಿಟ್ಟಿ ಕಾವಲು. ಅದು ಮಾತು ಅಂತ ಯಾರಿಗೂ ತೋಚಿಲ್ಲ.

ಮಾತು ಅನ್ನೋದಕ್ಕೆ ಸಾಕ್ಷಿ ಇದೆ. ಹಂಗೇರಿ ದೇಶದ ಬುಡಾಪೆಸ್ಟಿನಲ್ಲಿ ಪೀಟರ್ ಪೊಂಗ್ರಾಟ್ಸ್ ಮತ್ತವರ ಜೊತೆಯವರು ಅಲ್ಲಿನ ಕುರಿಕಾಯೋ ನಾಯಿಗಳ ಬೊಗಳಿಕೆಯನ್ನ ಬೇರೆ ಬೇರೆ ಹೊತ್ತಿನಲ್ಲಿ ರೆಕಾರ್ಡ್ ಮಾಡಿದರು. ಅಪರಿಚಿತ ಬಂದಾಗ, ಒಂಟಿಯಾಗಿ ಕಟ್ಟಿದಾಗ, ಆಟದಲ್ಲಿ, ತಿರುಗಾಟಕ್ಕೆ ಹೊರಡುವಾಗ, ಹೀಗೆ. ಆಮೇಲೆ ಜನರಿಗೆ ಕೇಳಿಸಿ ಇದು ಯಾವ ಸಂದರ್ಭ ಅಂತ ಕೇಳಿದರು. ಜನ ಸುಮ್ಮನೆ ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚಾಗಿ ಸರಿ ಹೇಳಿದರು. ನಾಯಿ ಸಾಕದವರೂ ಹೆಚ್ಚುಕಡಿಮೆ ಅಷ್ಟೇ ಸರಿ ಹೇಳಿದರು. 2005ರಲ್ಲಿ ಇದು ಅಚ್ಚಾಯಿತು. ಬುಡಾಪೆಸ್ಟಿನ ತನಕ ಯಾಕೆ ಹೋಗಬೇಕು, ನನ್ನ ಹೆಂಡತಿ ಮಗ್ಗದ ಗುಣಿಯಲ್ಲಿ ಕೂತ ಕಡೆಯಿಂದಲೇ ಹೇಳ್ತಾಳೆ: “ಈಗ ಬಂದದ್ದು ಬೆಕ್ಕು. ಈಗ ಬಂದದ್ದು ಆಳು. ಈಗ ನೀರು ಮುಗಿದಿದೆ, ಬಟ್ಟಲು ನೋಡಿ.” ಕಿವಿ ಇದ್ದವರಿಗೆಲ್ಲ ಕೇಳಿಸುತ್ತೆ. ಹೆದರಿದ ನಾಯಿ ಬೊಗಳುವಾಗ ‘ಹತ್ತಿರ ಬರಬೇಡ’ ಅಂತಿದೆ. ಆ ಮಾತನ್ನ ಮೀರಿ ಹತ್ತಿರ ಹೋದವರನ್ನ ಅದು ಕಚ್ಚುತ್ತೆ. ಗಾದೆ ಮಕ್ಕಳಿಗೆ ಕಲಿಸ್ತಿರೋದು ಸರಿಯಾಗಿ ಇದನ್ನೇ: ಬೇಡ ಅನ್ನೋ ಮಾತನ್ನ ಮೀರಿ ಹತ್ತಿರ ಹೋಗು ಅಂತ.

ಅಂಚೆಯವನನ್ನ ಕಂಡರೆ ನಾಯಿಗೆ ಯಾಕೆ ಅಷ್ಟು ಸಿಟ್ಟು ಅಂತ ತುಂಬಾ ಜನ ಕೇಳ್ತಾರೆ, ಖಾಕಿ ಬಟ್ಟೆ ಕಾರಣ ಅಂತ ತಾವೇ ಉತ್ತರ ಹೇಳಿಕೊಳ್ತಾರೆ. ಖಾಕಿ ಅಲ್ಲ. ನಾಯಿಯ ಲೆಕ್ಕ ನೋಡಿ. ಒಬ್ಬ ಬಂದ. ನಾನು ಬೊಗಳಿದೆ. ಅವನು ಹೊರಟುಹೋದ. ಕಾಗದ ಕೊಟ್ಟಾಯಿತು ಅಂತ ಹೋದದ್ದು ಅದಕ್ಕೇನು ಗೊತ್ತು? ತಾನು ಓಡಿಸಿದೆ ಅಂತಲೇ ಅದರ ನಂಬಿಕೆ. ನಾಳೆ ಮತ್ತೆ ಬಂದ, ಮತ್ತೆ ಬೊಗಳಿದೆ, ಮತ್ತೆ ಹೋದ. ವರ್ಷಕ್ಕೆ ಮುನ್ನೂರು ಸಲ ಗೆದ್ದವನು ಮುನ್ನೂರೊಂದನೇ ಸಲ ಬಾಯಿ ಮುಚ್ಚಿಕೊಂಡು ಕೂರ್ತಾನೆಯೇ? ಹಾಲಿನವನದ್ದೂ ಇದೇ, ಬಸ್ಸಿನದ್ದೂ ಇದೇ. ಇದರ ಮೇಲೆ ನಾವು ಒಳಗಿಂದ “ಏಯ್! ಸುಮ್ನಿರು!” ಅಂತ ಕಿರುಚ್ತೀವಿ. ಅದಕ್ಕೆ ಖುಷಿಯೋ ಖುಷಿ, ಯಜಮಾನರೂ ಜೊತೆಗೆ ಬೊಗಳ್ತಿದ್ದಾರೆ ಅಂತ.

ಆದರೆ ಮಣಿ ಒಂದೇ ಒಂದು ಸದ್ದಿಗೆ ಬೊಗಳೋದಿಲ್ಲ. ಮಗ್ಗದ ಸದ್ದಿಗೆ. ಹೊರಗಿನವರಿಗೆ ತಲೆ ಸಿಡಿಯೋ ಸದ್ದು ಅದು. ಮಣಿ ಅದರ ಪಕ್ಕದಲ್ಲೇ ಗೊರಕೆ ಹೊಡೆಯುತ್ತೆ. ಕಾರಣ ಇಷ್ಟೇ, ಕಣ್ಣು ಬಿಟ್ಟ ದಿನದಿಂದ ಅದನ್ನ ಕೇಳಿಕೊಂಡು ಬೆಳೆದಿದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಅನ್ನೋ ಇಬ್ಬರು ನಾಯಿಮರಿಗಳನ್ನ ವರ್ಷಗಟ್ಟಲೆ ನೋಡಿ 1965ರಲ್ಲಿ ಒಂದು ದೊಡ್ಡ ಪುಸ್ತಕ ತಂದರು. ಮೂರನೇ ವಾರದಿಂದ ಹನ್ನೆರಡನೇ ವಾರದ ತನಕ ಮರಿ ಏನೇನನ್ನ ಹೆದರಿಕೆಯಿಲ್ಲದೆ ಕಾಣುತ್ತೋ ಕೇಳುತ್ತೋ, ಅದೆಲ್ಲ ಅದರ ಲೋಕಕ್ಕೆ ಸೇರುತ್ತೆ, ಉಳಿದದ್ದು ಪರಲೋಕ ಆಗುತ್ತೆ ಅನ್ನೋದು ಅದರ ಸಾರ. ಮಣಿ ನಮ್ಮ ಕೈಗೆ ಸಿಕ್ಕಿದ್ದು ಆ ಹನ್ನೆರಡು ವಾರದ ಕೊನೆಯಲ್ಲಿ, ಮಳೆಗಾಲದಲ್ಲಿ, ಮನೆಯಿಂದ ಯಾರೂ ಹೊರಗೆ ಹೋಗದ ದಿನಗಳಲ್ಲಿ. ಕೊಡೆಯೂ ಹೆಲ್ಮೆಟ್ಟೂ ಅದರ ಲೋಕಕ್ಕೆ ಸೇರಲೇ ಇಲ್ಲ. ಮರಿ ತರುವವರು ಇದನ್ನ ನೆನಪಿಡಲಿ. ಆ ಎರಡು ಮೂರು ತಿಂಗಳಲ್ಲಿ ಅದನ್ನ ಎತ್ತಿಕೊಂಡು ಬಸ್ ಸ್ಟಾಪಿಗೆ ಹೋಗಿ, ಗಿರಣಿಗೆ ಹೋಗಿ, ಚೌಡೇಶ್ವರಿ ಜಾತ್ರೆಯ ತಮಟೆಯನ್ನ ದೂರದಿಂದ ಕೇಳಿಸಿ, ಶಾಲೆ ಬಿಡೋ ಹೊತ್ತಿಗೆ ಮಕ್ಕಳ ಗುಂಪು ತೋರಿಸಿ. ಸೂಜಿ ಮುಗಿಯದ ಮರಿಯನ್ನ ನೆಲಕ್ಕೆ ಬಿಡಬೇಡಿ, ಕಂಕುಳಲ್ಲೇ ಇರಲಿ.

ನಾವು ಮಾಡೋದೇನು? ಒಂದೂವರೆ ಮಾರು ಸರಪಳಿ, ಒಂದು ಗೂಟ, ಒಂದು ತಗಡಿನ ನೆರಳು. ಅಲ್ಲೇ ಉಣ್ಣು, ಅಲ್ಲೇ ಮಲಗು, ಅಲ್ಲೇ ಹೇಲು. ಕೊಯಮತ್ತೂರಿನ ಹೊಸ ಬಡಾವಣೆಗಳಲ್ಲಿ ಹಿಮದ ನಾಡಿನ ಹಸ್ಕಿ ತಂದು ಬಾಲ್ಕನಿಯಲ್ಲಿ ಕಟ್ಟೋರಿಗೂ ನಮಗೂ ಇದರಲ್ಲಿ ಭೇದ ಇಲ್ಲ. ಅವರದ್ದು ದುಬಾರಿ ಸರಪಳಿ, ಅಷ್ಟೇ. ಕಟ್ಟಿದ ನಾಯಿಗೆ ಹೆದರಿಕೆ ಆದಾಗ ಓಡೋ ದಾರಿ ಇಲ್ಲ. ಓಡೋ ದಾರಿ ಇಲ್ಲದ ಪ್ರಾಣಿ ಎದುರು ಬೀಳುತ್ತೆ. ನಾನು ಅಂಚೆ ಚೀಲ ಹೊತ್ತು ಕಲಿತ ಪಾಠ ಇದು: ಬಿಟ್ಟ ನಾಯಿಗಿಂತ ಕಟ್ಟಿದ ನಾಯಿಯ ಹತ್ತಿರ ನಾನು ಹೆಚ್ಚು ಎಚ್ಚರವಾಗಿದ್ದೆ.

ಕಾನೂನೂ ಇದನ್ನ ಹೇಳಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮು ತೆಗೆದು ನೋಡಿ. ಯಾವಾಗಲೂ ಸರಪಳಿಯಲ್ಲೋ ಇಕ್ಕಟ್ಟಿನಲ್ಲೋ ಇಟ್ಟ ನಾಯಿಯನ್ನ ಯಜಮಾನ ತಕ್ಕಷ್ಟು ಓಡಾಡಿಸದೆ ಹೋದರೆ ಅದೂ ಹಿಂಸೆಯೇ ಅಂತ ಬರೆದಿದೆ. ಓಡಾಡಿಸೋದು ಪಟ್ಟಣದವರ ಶೋಕಿ ಅಂತ ನಗೋ ನಮ್ಮೂರಿನವರು ಇದನ್ನ ಎರಡು ಸಲ ಓದಲಿ. ಮೊದಲ ಸಲದ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅರವತ್ತು ವರ್ಷ ದಾಟಿದರೂ ಹಾಗೇ ಇದೆ. ಪಂಚಾಯಿತಿಗೆ ಕಾಯಬೇಕಾಗಿಲ್ಲ, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ನಡೆಸಿದರೆ ಬೊಗಳೋದು ಕಡಿಮೆ ಆಗುತ್ತೆ. ನಡೆಸೋರ ಸಕ್ಕರೆ ಕಾಯಿಲೆಗೂ ಒಳ್ಳೆಯದು.

ಇಲ್ಲಿ ಎದುರುವಾದ ಬರುತ್ತೆ ಅಂತ ಗೊತ್ತು. “ಹಾಗಾದ್ರೆ ಬಿಚ್ಚಿಬಿಡೋಣ, ಹಗಲು ಕಟ್ಟಿ ರಾತ್ರಿ ಬಿಡ್ತೀವಲ್ಲ, ಅದು ಸಾಲದೇ?” ಇದೇ ನಮ್ಮ ಎರಡೂ ಜಿಲ್ಲೆಗಳ ಹಳ್ಳಿಗಳ ರೂಢಿ. ಈ ರೂಢಿಯ ಬೆಲೆ ಕೊಟ್ಟವರು ಕಾಂಗೇಯಂ ಕಡೆಯ ಕುರಿ ಸಾಕುವವರು.

ತಿರುಪ್ಪೂರು ಜಿಲ್ಲೆಯ ಕಾಂಗೇಯಂ, ವೆಳ್ಳಕೋವಿಲ್, ಧಾರಾಪುರಂ ಕಡೆ ನೆಂಟರಿರೋರಿಗೆ ಅಲ್ಲಿನ ‘ಕೊರಂಗಾಡು’ ಗೊತ್ತಿರುತ್ತೆ. ಮಳೆ ಕಡಿಮೆ ಇರೋ ಮೇವಿನ ಹೊಲ. ಸುತ್ತ ಕಿಳುವೆ ಮುಳ್ಳಿನ ಜೀವಂತ ಬೇಲಿ, ಒಳಗೆ ಬನ್ನಿ ಮರದ ಹಾಗಿರೋ ಬೆಳ್ಳಜಾಲಿ ಮರಗಳ ನೆರಳು. ಬೇಲಿ ಭದ್ರ ಇದ್ದರೆ ಕುರಿ ಕಾಯೋಕೆ ಆಳೇ ಬೇಡ. ಕಾಂಗೇಯಂ ದನ ಹುಟ್ಟಿ ಬೆಳೆದದ್ದೇ ಈ ಹೊಲಗಳಲ್ಲಿ. ತಲೆತಲಾಂತರದಿಂದ ನಡೆದುಬಂದ ಇಂಥ ವ್ಯವಸ್ಥೆಯನ್ನ ಕೆಲವೇ ವರ್ಷಗಳಲ್ಲಿ ನಾಯಿಗಳ ಗುಂಪು ಅಲ್ಲಾಡಿಸಿಬಿಟ್ಟಿತು. ಬೇಲಿ ಸಂದಿಯಲ್ಲಿ ನುಗ್ಗಿ, ಪಟ್ಟಿಯಲ್ಲಿ ಕೂಡಿದ ಕುರಿಗಳನ್ನ ಕಚ್ಚಿ ಹಾಕಿದವು. ತಿಂದದ್ದು ಸ್ವಲ್ಪ, ಕೊಂದದ್ದು ಹೆಚ್ಚು. 2024ರಲ್ಲೂ 2025ರಲ್ಲೂ ರೈತರು ಸತ್ತ ಕುರಿಗಳನ್ನೇ ರಸ್ತೆಗೆ ತಂದಿಟ್ಟು ಧರಣಿ ಕೂತರು. ಕಾಡುಪ್ರಾಣಿ ಕೊಂದರೆ ಪರಿಹಾರ ಇದೆ, ನಾಯಿ ಕೊಂದರೆ ಯಾಕಿಲ್ಲ ಅಂತ ಅವರ ಪ್ರಶ್ನೆ. ಕೊನೆಗೆ 2025ರಲ್ಲಿ ಸರ್ಕಾರ ಪರಿಹಾರ ಘೋಷಿಸಿತು.

ಈ ಕಥೆಯಲ್ಲಿ ನಮ್ಮ ಗಾದೆಗೆ ಬೀಳೋ ಪೆಟ್ಟು ನೋಡಿ. ಆ ಗುಂಪುಗಳು ಊರು ಎಬ್ಬಿಸಿಕೊಂಡು ಬರಲಿಲ್ಲ. ಎಷ್ಟೋ ರೈತರಿಗೆ ವಿಷಯ ಗೊತ್ತಾದದ್ದು ಬೆಳಿಗ್ಗೆ ಪಟ್ಟಿಯ ತಡಿಕೆ ತೆಗೆದಾಗ. ಬೊಗಳೋ ಮಣಿಯ ಮೇಲೆ ಹನ್ನೊಂದು ಸಹಿ ಬಿತ್ತು. ಸದ್ದಿಲ್ಲದೆ ತಿರುಗೋ ನಾಯಿಯ ಮೇಲೆ ನಮ್ಮೂರಿನಲ್ಲಿ ಇವತ್ತಿನ ತನಕ ಒಂದು ಸಹಿ ಬಿದ್ದಿಲ್ಲ. ಯಾಕೆಂದರೆ ಅದು ನಮ್ಮ ನಿದ್ದೆ ಕೆಡಿಸಿಲ್ಲ.

ಆ ಗುಂಪುಗಳೆಲ್ಲ ಬೀದಿನಾಯಿ, ಅದಕ್ಕೆ ಪಂಚಾಯಿತಿಯೇ ಹೊಣೆ ಅಂತ ಕೈ ತೊಳೆದುಕೊಳ್ಳೋದು ಸುಲಭ. ಪಂಚಾಯಿತಿಗೆ ಹೊಣೆ ಇದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿ ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಸೂಜಿ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿಯ ನಾಯಿಗಳನ್ನೆಲ್ಲ ದೊಡ್ಡಿಗೆ ಹಾಕಿ ಅಂದು, ಹನ್ನೊಂದೇ ದಿನಕ್ಕೆ, 22ರಂದು, ಸೂಜಿ ಹಾಕಿ ವಾಪಸ್ ಬಿಡಿ, ಹುಚ್ಚು ಹಿಡಿದದ್ದನ್ನೂ ಮೇಲೆ ಬೀಳೋದನ್ನೂ ಮಾತ್ರ ಬಿಡಬೇಡಿ ಅಂದದ್ದನ್ನ ಪೇಪರಿನಲ್ಲಿ ಓದಿದ್ದೇವೆ. ಟೀ ಅಂಗಡಿಯಲ್ಲಿ ಎರಡು ಪಕ್ಷ ಕಟ್ಟಿಕೊಂಡು ಜಗಳವನ್ನೂ ಆಡಿದೆವು. ಜಗಳ ಆಡಿದವರಲ್ಲಿ ಎಷ್ಟು ಜನರ ಮನೆ ನಾಯಿಗೆ ಸಂತಾನಹರಣ ಆಗಿದೆ ಅಂತ ನಾನು ಕೇಳಿದೆ. ಟೀ ಆರಿಹೋಯಿತು. ಬೀದಿನಾಯಿ ಆಕಾಶದಿಂದ ಬೀಳೋದಿಲ್ಲ. ನಮ್ಮ ಮನೆಯ ಹೆಣ್ಣು ನಾಯಿ ಹಾಕಿದ ಆರು ಮರಿಯಲ್ಲಿ ಗಂಡು ಒಂದನ್ನ ಇಟ್ಟುಕೊಂಡು ಐದನ್ನ ಗೋಣಿಯಲ್ಲಿ ತುಂಬಿ ಸಂತೆ ಬಯಲಿಗೆ ಬಿಟ್ಟು ಬರ್ತೀವಲ್ಲ, ಅವೇ ಬೀದಿನಾಯಿ. ಅವಕ್ಕೆ ಊಟ? ಕೋಳಿ ಅಂಗಡಿಯ ಕರುಳು, ಪುಕ್ಕ, ಸತ್ತ ಕೋಳಿ. ಪಲ್ಲಡಂ ಸುತ್ತ ಇಷ್ಟೊಂದು ಬ್ರಾಯ್ಲರ್ ಫಾರಂ ಇರೋ ನಾಡಿನಲ್ಲಿ ಆ ಕಸವನ್ನ ಚೀಲ ಕಟ್ಟಿ ರಾತ್ರಿ ಹೊತ್ತು ರಸ್ತೆ ಬದಿಗೆ ಎಸೆಯೋರಿದ್ದಾರೆ. ಹಸಿ ಮಾಂಸದ ರುಚಿ ಕಲಿಸೋರು ನಾವು, ಕುರಿ ಕೊಂದಾಗ ಕಲ್ಲು ಹೊಡೆಯೋರೂ ನಾವೇ.

ಇನ್ನು ರಾತ್ರಿ ಹೊತ್ತು ಬೀದಿಯಲ್ಲಿ ಬಿಸ್ಕತ್ತು ಎಸೆದು ಪುಣ್ಯ ಕಟ್ಟಿಕೊಂಡು ಹೋಗೋರ ಬಗ್ಗೆ ಒಂದೇ ಮಾತು: ಬಿಸ್ಕತ್ತಿನ ಜೊತೆ ಆ ನಾಯಿಯ ಸೂಜಿ ಚೀಟಿಯನ್ನೂ ಇಟ್ಟುಕೊಳ್ಳಿ, ಆಮೇಲೆ ಪ್ರೀತಿಯ ಮಾತಾಡೋಣ.

ಬೊಗಳೋದರಿಂದ ಉಪಯೋಗವೇ ಇಲ್ಲ ಅಂತ ಹೇಳೋನಲ್ಲ ನಾನು. ಕಾಡಂಚಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಮೇಟುಪಾಳ್ಯ ಕಡೆ ‘ಬಾಹುಬಲಿ’ ಅಂತ ಜನ ಹೆಸರಿಟ್ಟ ಸಲಗ ಊರೊಳಗೇ ನಡೆದು ಹೋಗ್ತಿದ್ದ ದಿನಗಳು ಎಲ್ಲರಿಗೂ ನೆನಪಿವೆ. ಬಾಳೆತೋಟದಲ್ಲಿ ಆನೆ ಇದೆ ಅಂತ ಮೊದಲು ತಿಳಿಯೋದು ನಾಯಿಗೆ. ಆ ಬೊಗಳಿಕೆಯೇ ಬೇರೆ. ಬಿಡದೆ, ಒಂದೇ ದಿಕ್ಕಿಗೆ, ಹಿಂದೆ ಹಿಂದೆ ಸರೀತಾ ಬೊಗಳುತ್ತೆ. ನಾವು ಲೈಟು ಹಾಕಿ ಒಳಗೇ ಇರ್ತೀವಿ, ಜೀವ ಉಳಿಯುತ್ತೆ. ಆದರೆ ಅದೇ ನಾಯಿ ಬಿಟ್ಟಿದ್ದರೆ? ಓಡಿಹೋಗಿ ಆನೆಯನ್ನ ಕೆಣಕುತ್ತೆ, ಆನೆ ಅಟ್ಟಿಸಿಕೊಂಡು ಬಂದರೆ ನೇರ ಯಜಮಾನನ ಕಾಲ ಬುಡಕ್ಕೇ ಓಡಿ ಬರುತ್ತೆ, ಹಿಂದೆ ಆನೆ. ಸರಪಳಿಯಲ್ಲಿ ಹೊರಗೆ ಕಟ್ಟಿದ್ದರೆ ಚಿರತೆಗೆ ಎಲೆ ಹಾಕಿ ಬಡಿಸಿದ ಹಾಗೆ. ವಾಲ್ಪಾರೆ ಕಡೆಯವರನ್ನ ಕೇಳಿ. ಎರಡಕ್ಕೂ ಉತ್ತರ ಒಂದೇ: ರಾತ್ರಿ ನಾಯಿ ಗೋಡೆಯ ಒಳಗೆ, ಬಾಗಿಲು ಹಾಕಿದ ಜಾಗದಲ್ಲಿ ಇರಬೇಕು. ಸರಪಳಿ ಇಲ್ಲದೆ. ಅಲ್ಲಿಂದಲೇ ಅದು ಬೊಗಳಲಿ, ಎದ್ದು ನೋಡೋ ಕೆಲಸ ನಮ್ಮದು. ಮಣಿ ಮಲಗೋದು ಮಗ್ಗದ ಕೋಣೆಯಲ್ಲಿ.

ಶಾಲೆಯ ಮೇಷ್ಟ್ರುಗಳಿಗೆ ಈಗ ನೇರವಾಗಿ ಹೇಳ್ತೀನಿ, ತಪ್ಪು ತಿಳಿಯಬಾರದು. ನಮ್ಮ ಮಕ್ಕಳು ಶಾಲೆಯಲ್ಲಿ ಓದೋದು ತಮಿಳು, ಕನ್ನಡ ಅಕ್ಷರ ಕಲಿಯೋದು ಈ ವಾಚನಾಲಯದಲ್ಲಿ. ಎರಡು ಕಡೆಯೂ ಗಾದೆ ಕಲಿಸ್ತೀರಿ. ಬಾಯಲ್ಲಿ ಬೆದರಿಸೋ ಮನುಷ್ಯ ಕೈ ಮಾಡೋದಿಲ್ಲ ಅನ್ನೋ ಒಳ ಅರ್ಥ ನಿಮಗೆ ಗೊತ್ತು. ಮನುಷ್ಯರ ವಿಷಯದಲ್ಲೂ ಅದು ನಿಜವೋ ಅಂತ ನನಗೆ ಅನುಮಾನ, ಇರಲಿ. ಎಂಟು ವರ್ಷದ ಮಗು ಒಳ ಅರ್ಥ ತಗೊಳ್ಳೋದಿಲ್ಲ, ನಾಯಿಯನ್ನ ತಗೊಳ್ಳುತ್ತೆ. ನಾಯಿ ಕಡಿತಕ್ಕೆ ಹೆಚ್ಚು ಸಿಗೋರೇ ಮಕ್ಕಳು. ಹುಚ್ಚಿನ ಸಂಶಯ ಇರೋ ಪ್ರಾಣಿ ಕಚ್ಚಿದವರಲ್ಲಿ ನೂರಕ್ಕೆ 40 ಮಂದಿ 15 ವರ್ಷದ ಒಳಗಿನವರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಸುಮಾರು ಮೂರರಲ್ಲಿ ಒಂದು ನಮ್ಮ ದೇಶದ್ದು. ರೋಗ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಅದಕ್ಕೆ ಮೊದಲು ಸೂಜಿ ಬಿದ್ದರೆ ಜೀವ ಉಳಿಯುತ್ತೆ.

ಆ ಸೂಜಿಯ ಕಥೆಯೂ ನಮ್ಮ ಹತ್ತಿರದ್ದೇ. ಮೇಟುಪಾಳ್ಯದಲ್ಲಿ ಬೆಟ್ಟದ ರೈಲು ಹತ್ತಿದರೆ ಸಿಗೋ ಕೂನೂರಿನಲ್ಲಿ 1907ರಿಂದ ಪಾಶ್ಚರ್ ಸಂಸ್ಥೆ ಇದೆ. ದಕ್ಷಿಣದ ಜನ ನಾಯಿ ಕಚ್ಚಿಸಿಕೊಂಡು ಆ ಬೆಟ್ಟ ಹತ್ತುತ್ತಿದ್ದ ಕಾಲ ಒಂದಿತ್ತು. ನಮ್ಮ ಅಜ್ಜಿಯಂದಿರು ಹೇಳ್ತಿದ್ದ ಹೊಟ್ಟೆ ಸುತ್ತಲಿನ ಹದಿನಾಲ್ಕು ಸೂಜಿ ಕುರಿಯ ಮಿದುಳಿನಿಂದ ತಯಾರಾದ ಹಳೇ ಮದ್ದು. 2004ರ ಕೊನೆಗೆ ಅದು ನಿಂತಿತು. ಈಗ ತೋಳಿಗೆ, ಇರುವೆ ಕಚ್ಚಿದಷ್ಟು ನೋವು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಹದಿನಾಲ್ಕು ಸೂಜಿಯ ಹೆದರಿಕೆಯಿಂದ ಕಚ್ಚಿದ್ದನ್ನ ಮುಚ್ಚಿಡೋ ಮಕ್ಕಳು ಇವತ್ತಿಗೂ ಇದ್ದಾರೆ. ಗಾಯಕ್ಕೆ ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಮೆತ್ತೋ ದೊಡ್ಡವರೂ ಇದ್ದಾರೆ. ನಲ್ಲಿ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಗಾಯ ಆಳ ಇದ್ದರೆ ಅದರ ಸುತ್ತಲೂ ಇನ್ನೊಂದು ಮದ್ದು ಹಾಕ್ತಾರೆ, ಅದನ್ನೂ ಹಾಕಿಸಬೇಕು.

ಗಾದೆಯ ಬದಲು ಮಕ್ಕಳಿಗೆ ಇದನ್ನ ಕಲಿಸಿ. ನಾಯಿ ಬೊಗಳಿದರೆ ನಿಲ್ಲು. ಓಡಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ. ಕೈ ಮೈಗೆ ಒತ್ತಿಕೊಂಡು ಮರದ ಹಾಗೆ ನಿಂತುಕೋ. ಅದು ಸುಮ್ಮನಾದ ಮೇಲೆ ಹಿಂದೆ ಹಿಂದೆ ಮೆಲ್ಲಗೆ ಸರಿ. ಉಣ್ಣೋ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಕಟ್ಟಿದ ನಾಯಿ, ಈ ನಾಲ್ಕರ ಹತ್ತಿರ ಹೋಗಬೇಡ. ಮೈದಾನದಲ್ಲಿ ನಿಲ್ಲಿಸಿ ಮರದ ಆಟ ಆಡಿಸಿದರೆ ಒಂದೇ ಪೀರಿಯಡ್‌ನಲ್ಲಿ ಕಲೀತಾರೆ. ಬೇಕಾದರೆ ಮಣಿಯನ್ನ ಹಗ್ಗ ಹಾಕಿ ಕರೆದುಕೊಂಡು ಬರ್ತೀನಿ, ಗೇಟಿನ ಆಚೆ ನಿಲ್ಲಿಸಿಕೊಂಡಿರ್ತೀನಿ. ಬೊಗಳೋದರ ಹೊಣೆ ಅದರದ್ದು, ಅದರಲ್ಲಿ ಅದು ಯಾವತ್ತೂ ಕೈ ಕೊಟ್ಟಿಲ್ಲ.

ನಾಯಿ ಸಾಕಿದವರಿಗೂ ಕಾನೂನು ಒಂದು ಸಾಲು ಇಟ್ಟಿದೆ. ನಮ್ಮ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದೆ ಹೋದರೆ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. “ಅದು ಏನೂ ಮಾಡಲ್ಲ” ಅನ್ನೋ ಮಾತಿಗೆ ಅಲ್ಲಿ ಬೆಲೆ ಇಲ್ಲ.

ನಮ್ಮ ವಾಚನಾಲಯದ ಮುಂದಿನ ಗೋಡೆಯ ಮೇಲೆ ಹಿಂದಿನವರು ಹನ್ನೆರಡು ಗಾದೆ ಬರೆಸಿದ್ದಾರೆ. ಎಡಗಡೆಯಿಂದ ಐದನೆಯದ್ದು ಇದು. ಉಳಿದ ಹನ್ನೊಂದು ಹಾಗೇ ಇರಲಿ. ಸುಣ್ಣಕ್ಕೂ ಕೂಲಿಗೂ ಆಗೋ ಖರ್ಚನ್ನ ಕಮಿಟಿಯವರು ನನ್ನ ಹೆಸರಿಗೆ ಬರೆದುಕೊಳ್ಳಲಿ. ಆ ಜಾಗದಲ್ಲಿ ಮರದ ಹಾಗೆ ನಿಂತ ಮಗುವಿನ ಚಿತ್ರ ಬರೆಸಬೇಕು, ಶಾಲೆ ತೆರೆಯೋದರೊಳಗೆ.